ನಿಮಗಿದು ಗೊತ್ತೆ? ಸೋಮನಾಥಪುರದ ಶಿಲ್ಪದಲ್ಲಿರುವುದು ಮುಸುಕಿನ ಜೋಳವೆ?

ಬೆಂಗಳೂರಿನ ವಿಜಯನಗರ, ರಾಜಾಜಿನಗರದ ತಳ್ಳುಗಾಡಿಗಳಲ್ಲಿ ಕೆಂಡದ ಮೇಲೆ ಸುಡುವ ಮುಸುಕಿನ ಜೋಳದ ತವರು ಮೆಕ್ಸಿಕೊ. 1492ರಲ್ಲಿ ಕೊಲಂಬಸ್ ಅಮೆರಿಕ ತಲುಪಿದ ಮೇಲೆ ಅದು ಸಾಗರ ದಾಟಿತು ಎಂಬುದು ಇತಿಹಾಸ. ಹಾಗಾದರೆ 13ನೇ ಶತಮಾನದ ಸೋಮನಾಥಪುರದ ಹೊಯ್ಸಳ ದೇವಾಲಯದ ಶಿಲ್ಪಗಳ ಕೈಯಲ್ಲಿ ತೆನೆಯಂಥದ್ದು ಹೇಗೆ ಬಂತು?

ಅದು ಮುಸುಕಿನ ಜೋಳವೇ, ಕೊಲಂಬಸ್‌ಗೂ ಮುಂಚೆ ಭಾರತಕ್ಕೆ ಅಮೆರಿಕದ ನಂಟಿತ್ತು ಎಂದು 1989ರಲ್ಲಿ ಅಮೆರಿಕದ ಭೂಗೋಳತಜ್ಞ ಕಾರ್ಲ್ ಜೊಹಾನೆಸನ್ ವಾದಿಸಿದರು. ಕೇಳಲು ರೋಮಾಂಚನವೇನೋ ಹೌದು. ಆದರೆ ಈ ಬೆಳೆಯನ್ನು ಬಲ್ಲ ಭಾರತೀಯ ವಿಜ್ಞಾನಿಗಳಾದ ಪಾಯಕ್ ಮತ್ತು ಸಚಾನ್ ಒಪ್ಪಲಿಲ್ಲ. ಅದು ಮುತ್ತುಗಳಿಂದಾದ ಕಾಲ್ಪನಿಕ ಹಣ್ಣು, 'ಮುಕ್ತಾಫಲ' ಎಂದರು. ಇವರ ಮಾತಿಗೇ ತೂಕ ಹೆಚ್ಚು. ಬೆಳೆಯೊಂದು ಬಂದಿದ್ದರೆ ಅದು ಶಿಲ್ಪದಲ್ಲಷ್ಟೇ ನಿಲ್ಲದೆ ನಮ್ಮ ಹೊಲಕ್ಕೂ ಅಡುಗೆಮನೆಗೂ ಇಳಿಯಬೇಕಿತ್ತು.

ಅಮೆರಿಕ ತಲುಪಿದ ಮೊದಲ ಯುರೋಪಿಯನ್ ಕೊಲಂಬಸ್ ಎಂಬುದೂ ನಿಜವಲ್ಲ. 1021ರಲ್ಲೇ ಉತ್ತರ ಯುರೋಪಿನ ನಾರ್ಸ್ ನಾವಿಕರು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಮರ ಕಡಿದಿದ್ದರು. ಅದಕ್ಕೂ ಸಾವಿರಾರು ವರ್ಷ ಮೊದಲೇ ಆ ಖಂಡದಲ್ಲಿ ಜನ ನೆಲೆಸಿದ್ದರು. ಕಾಡುಹುಲ್ಲೊಂದನ್ನು ಪಳಗಿಸಿ ಮುಸುಕಿನ ಜೋಳ ಮಾಡಿದವರು ಆ ಮೂಲನಿವಾಸಿಗಳೇ.

ಕೆಂಗೇರಿ ದಾಟಿ ಮೈಸೂರು ಕಡೆ ಹೊರಟರೆ ಸೋಮನಾಥಪುರಕ್ಕೂ ಹೋಗಿ ಬನ್ನಿ, ಆ ಶಿಲ್ಪಗಳನ್ನು ನೀವೇ ನೋಡಿ.