ಪುಕ್ಕಟೆ ತಂತ್ರಾಂಶಗಳು: ಕಂಪನಿಗಳಿಗೆ ಲಾಭ ಎಲ್ಲಿಂದ?

ಬೆಂಗಳೂರಿನ ದಕ್ಷಿಣ ಭಾಗದ ಹೊಸಕೆರೆಹಳ್ಳಿಯು, ಹೆಸರೇ ಸೂಚಿಸುವಂತೆ, ಕೆರೆಯ ಮಗ್ಗುಲಲ್ಲಿ ಬೆಳೆದ ಹಳ್ಳಿ. ನಗರ ವಿಸ್ತರಿಸಿದಂತೆ ಅದು ಬನಶಂಕರಿ ಬಡಾವಣೆಗಳೊಡನೆ ಸೇರಿಹೋಯಿತು. ಇಂದು ಈ ಭಾಗದಲ್ಲಿಯೂ ಸಮೀಪದ ಜಯನಗರ, ಜೆ.ಪಿ. ನಗರಗಳಲ್ಲಿಯೂ ತಂತ್ರಾಂಶ ಬರೆಯುವುದು ಅನೇಕರ ಕಸುಬಾಗಿದೆ. ಗಣಕಯಂತ್ರವಾಗಲಿ ಮೊಬೈಲ್ ಫೋನಾಗಲಿ ಯಾವ ಕೆಲಸವನ್ನು ಹೇಗೆ ಮಾಡಬೇಕೆಂದು ತಿಳಿಸುವ ಸೂಚನೆಗಳ ಕಟ್ಟಿಗೆ ತಂತ್ರಾಂಶವೆಂದು ಹೆಸರು. ಆಡುಮಾತಿನಲ್ಲಿ ಆ್ಯಪ್ ಎನ್ನುವುದೂ ಇದನ್ನೇ.

ಹವಾಮಾನ ತಿಳಿಯಲು, ಮಾರುಕಟ್ಟೆ ಧಾರಣೆ ನೋಡಲು, ಬೆಳೆಯ ರೋಗ ಗುರುತಿಸಲು ನಮ್ಮ ರೈತರು ಇಂತಹ ತಂತ್ರಾಂಶಗಳನ್ನು ಬಳಸುತ್ತಿದ್ದಾರೆ. ಇವುಗಳಲ್ಲಿ ಬಹುಪಾಲು ಪುಕ್ಕಟೆಯಾಗಿ ದೊರೆಯುತ್ತವೆ. ನೂರಾರು ಮಂದಿಗೆ ಸಂಬಳ ಕೊಟ್ಟು ತಯಾರಿಸಿದ್ದನ್ನು ಕಂಪನಿಗಳು ಬೆಲೆಯಿಲ್ಲದೆ ಕೊಡುವುದೇಕೆ? ಅವುಗಳಿಗೆ ಲಾಭ ಬರುವುದೆಲ್ಲಿಂದ? ಇದನ್ನು ಅರಿತುಕೊಂಡರೆ ಯಾವ ತಂತ್ರಾಂಶವನ್ನು ನಿಶ್ಚಿಂತೆಯಿಂದ ಬಳಸಬಹುದು, ಎಲ್ಲಿ ಎಚ್ಚರ ವಹಿಸಬೇಕು ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಪುಕ್ಕಟೆ ಕೊಡಲು ಹೇಗೆ ಸಾಧ್ಯ?

ರಾಗಿಯ ಉದಾಹರಣೆಯನ್ನು ತೆಗೆದುಕೊಳ್ಳೋಣ. ರಾಗಿ ಲಕ್ಷ್ಮಣಯ್ಯನವರೆಂದೇ ಹೆಸರಾದ ವಿಜ್ಞಾನಿಯು ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಿಸಿ ಇಂಡಾಫ್ ತಳಿಗಳನ್ನು ಅಭಿವೃದ್ಧಿಪಡಿಸಲು ವರ್ಷಗಟ್ಟಲೆ ದುಡಿಯಬೇಕಾಯಿತು. ಆದರೆ ತಳಿ ಸಿದ್ಧವಾದ ಮೇಲೆ ರೈತನು ತನ್ನ ಬೆಳೆಯಿಂದಲೇ ಬೀಜ ಎತ್ತಿಟ್ಟುಕೊಂಡು ನೆರೆಯವನಿಗೂ ಒಂದು ಸೇರು ಕೊಡಬಲ್ಲನು. ತಂತ್ರಾಂಶದ ಗುಣವೂ ಇದೇ. ಮೊದಲನೆಯ ಪ್ರತಿಗೆ ತಗಲುವ ಖರ್ಚು ಅಪಾರ. ಎರಡನೆಯ ಪ್ರತಿಯಿಂದ ಲಕ್ಷದ ಪ್ರತಿಯವರೆಗೆ ತಗಲುವ ಖರ್ಚು ತೀರಾ ಅಲ್ಪ. ರಾಗಿಗಾದರೂ ಹೊಲ, ಮಳೆ, ಗೊಬ್ಬರ ಬೇಕು. ತಂತ್ರಾಂಶದ ಪ್ರತಿಗೆ ಅವು ಯಾವುವೂ ಬೇಡ. ಆದುದರಿಂದ ಕಂಪನಿಯು ಪ್ರತಿಯೊಂದಕ್ಕೂ ಬೆಲೆ ಕಟ್ಟದೆ, ಹಣವನ್ನು ಬೇರೊಂದು ಕಡೆಯಿಂದ ಪಡೆಯಲು ಸಾಧ್ಯವಾಗುತ್ತದೆ.

ಲಾಭದ ದಾರಿಗಳು

1. ಮಜ್ಜಿಗೆ ಪುಕ್ಕಟೆ, ತುಪ್ಪಕ್ಕೆ ಬೆಲೆ: ಹೈನು ಇರುವ ಮನೆಯವರು ನೆರೆಹೊರೆಗೆ ಮಜ್ಜಿಗೆಯನ್ನು ಸುಮ್ಮನೆ ಕೊಟ್ಟು ತುಪ್ಪವನ್ನು ಮಾರುವಂತೆ, ಕಂಪನಿಯು ಸಾಧಾರಣ ತಂತ್ರಾಂಶವನ್ನು ಉಚಿತವಾಗಿ ಕೊಟ್ಟು ಹೆಚ್ಚಿನ ಅನುಕೂಲಗಳಿಗೆ ಹಣ ಪಡೆಯುತ್ತದೆ. ಕೆಲವೊಮ್ಮೆ ಮೊದಲು ಉಚಿತವಾಗಿದ್ದುದಕ್ಕೆ ಮುಂದೆ ಬೆಲೆ ಬರುವುದೂ ಉಂಟು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ 'ಬರಹ' ತಂತ್ರಾಂಶವು ಹಲವು ವರ್ಷ ಉಚಿತವಾಗಿ ದೊರೆತು, ಅಸಂಖ್ಯ ಕನ್ನಡಿಗರು ಗಣಕಯಂತ್ರದಲ್ಲಿ ಕನ್ನಡ ಬರೆಯಲು ನೆರವಾಯಿತು. ಅದರ ನಂತರದ ಆವೃತ್ತಿಗಳಿಗೆ ಬೆಲೆ ಇಡಲಾಯಿತು. ತಂತ್ರಾಂಶವನ್ನು ಕಾಲಕಾಲಕ್ಕೆ ದುರಸ್ತಿ ಮಾಡುತ್ತಿರಬೇಕಾದುದರಿಂದ ಆ ಖರ್ಚನ್ನು ಯಾರಾದರೂ ಹೊರಲೇಬೇಕು.

2. ಸಾಧನ ಪುಕ್ಕಟೆ, ಸೇವೆಗೆ ದರ: ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿಯು 1991ರಲ್ಲಿ ಆರಂಭಿಸಿದ ಲಿನಕ್ಸ್ ತಂತ್ರಾಂಶವನ್ನು ಯಾರು ಬೇಕಾದರೂ ಪಡೆದು, ತಿದ್ದಿ, ಹಂಚಬಹುದು. ರೆಡ್ ಹ್ಯಾಟ್ ಎಂಬ ಕಂಪನಿಯು ಇದನ್ನು ಬಳಸುವ ಬ್ಯಾಂಕು, ಕಾರ್ಖಾನೆಗಳಿಗೆ ವರ್ಷದ ಲೆಕ್ಕದಲ್ಲಿ ನಿರ್ವಹಣಾ ಸೇವೆ ಒದಗಿಸಿ ಹಣ ಗಳಿಸಿತು. 2019ರಲ್ಲಿ ಐಬಿಎಂ ಸಂಸ್ಥೆಯು ಈ ಕಂಪನಿಯನ್ನು 3,400 ಕೋಟಿ ಡಾಲರಿಗೆ ಕೊಂಡುಕೊಂಡಿತು. ಪಂಪ್‌ಸೆಟ್ ಸುಮ್ಮನೆ ಸಿಕ್ಕರೂ ಬೇಸಿಗೆಯಲ್ಲಿ ಮೋಟಾರು ಸುಟ್ಟಾಗ ಅದೇ ದಿನ ಬಂದು ಸರಿಪಡಿಸುವವನಿಗೆ ನಾವು ಹಣ ಕೊಡುವುದಿಲ್ಲವೇ? ಇದೂ ಅಂತೆಯೇ.

3. ಗಮನವೇ ಸರಕು: ಗೂಗಲ್ ಕಂಪನಿಯು ಮೊಬೈಲ್ ಫೋನುಗಳಿಗಾಗಿ ಆಂಡ್ರಾಯ್ಡ್ ತಂತ್ರಾಂಶವನ್ನು ಸಿದ್ಧಪಡಿಸಿ, ಅದರ ಮೂಲ ಭಾಗವನ್ನು ಎಲ್ಲರಿಗೂ ಮುಕ್ತವಾಗಿರಿಸಿತು. ಇದನ್ನು ಬಳಸಿದ ಮೊದಲ ಫೋನು 2008ರಲ್ಲಿ ಬಂದಿತು. ಕಂಪನಿಯ ವರಮಾನದ ದೊಡ್ಡ ಪಾಲು ಬರುವುದು ಜಾಹೀರಾತಿನಿಂದ. ಜಾತ್ರೆಯಲ್ಲಿ ನಾಟಕ ನೋಡಲು ಹಣವಿಲ್ಲ. ಆದರೆ ಜನ ಸೇರುವ ಜಾಗದಲ್ಲಿ ಅಂಗಡಿ ಹಾಕುವವನು ನೆಲಬಾಡಿಗೆ ಕೊಡಬೇಕು. ಇಲ್ಲಿ ಬಳಕೆದಾರನು ಏನು ಹುಡುಕಿದ, ಎಲ್ಲಿದ್ದ ಎಂಬ ಮಾಹಿತಿಯೂ ಜಾಹೀರಾತುದಾರರಿಗೆ ಉಪಯೋಗಕ್ಕೆ ಬರುತ್ತದೆ.

4. ಒಂದು ಬಾಗಿಲು ಪುಕ್ಕಟೆ, ಮತ್ತೊಂದರಲ್ಲಿ ಸುಂಕ: ಹೊಸಕೆರೆಹಳ್ಳಿಯಿಂದ ಕೆಲವೇ ಕಿಲೋಮೀಟರು ದೂರದ ಜೆ.ಪಿ. ನಗರದಲ್ಲಿ ಜೆರೋದಾ ಎಂಬ ಷೇರು ದಲ್ಲಾಳಿ ಸಂಸ್ಥೆಯ ಕಚೇರಿ ಇದೆ. ನಿತಿನ್ ಕಾಮತ್ ಅವರು 2010ರಲ್ಲಿ ಆರಂಭಿಸಿದ ಈ ಸಂಸ್ಥೆಯು ಷೇರು ವ್ಯವಹಾರದ 'ಕೈಟ್' ತಂತ್ರಾಂಶವನ್ನೂ ಷೇರುಪೇಟೆಯ ಪಾಠಗಳನ್ನೂ ಬೆಲೆಯಿಲ್ಲದೆ ಒದಗಿಸಿತು. 2015ರ ಡಿಸೆಂಬರಿನಿಂದ, ಷೇರು ಕೊಂಡು ಇಟ್ಟುಕೊಳ್ಳುವವರಿಗೆ ದಲ್ಲಾಳಿ ಶುಲ್ಕವನ್ನೂ ತೆಗೆದುಹಾಕಿತು. ಆದರೂ 2023-24ರಲ್ಲಿ ಅದಕ್ಕೆ ಬಂದ ಲಾಭ ಸುಮಾರು 4,700 ಕೋಟಿ ರೂಪಾಯಿ. ಇದರ ಮುಖ್ಯ ಮೂಲವೆಂದರೆ ಅಂದಂದೇ ಕೊಂಡು ಮಾರುವವರು ಹಾಗೂ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ವಾಯಿದಾ ವ್ಯವಹಾರ ಮಾಡುವವರು ಪ್ರತಿ ಆದೇಶಕ್ಕೆ ಕೊಟ್ಟ, ಹೆಚ್ಚೆಂದರೆ 20 ರೂಪಾಯಿಯ ಶುಲ್ಕ.

ಇದರಲ್ಲಿ ಮುಚ್ಚುಮರೆಯಿಲ್ಲ, ದರಗಳನ್ನು ಸಂಸ್ಥೆಯೇ ಪ್ರಕಟಿಸುತ್ತದೆ. ಆದರೆ ಪುಕ್ಕಟೆ ಬಾಗಿಲಿನಿಂದ ಒಳಹೊಕ್ಕವರು ಸುಂಕದ ಬಾಗಿಲಿನತ್ತ ಹೋಗುವುದು ಸುಲಭ. ದೇಶದ ಎಲ್ಲ ದಲ್ಲಾಳಿಗಳ ಮೂಲಕ ವಾಯಿದಾ ವ್ಯವಹಾರ ಮಾಡಿದ ವ್ಯಕ್ತಿಗಳ ಲೆಕ್ಕವನ್ನು ಸೆಬಿ ಸಂಸ್ಥೆಯು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿತು. ಅದರ ಪ್ರಕಾರ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಅಡಿಕೆ, ರೇಷ್ಮೆ ಗೂಡು ಮಾರಿದ ಹಣವನ್ನು ಮಕ್ಕಳು ಇಂತಹ ವ್ಯವಹಾರಕ್ಕೆ ಹಾಕುವ ಮುನ್ನ ಮನೆಯವರೆಲ್ಲ ಈ ಅಂಕಿಗಳನ್ನು ತಿಳಿದಿರುವುದು ಒಳ್ಳೆಯದು.

5. ಸಲಹೆ ಪುಕ್ಕಟೆ, ಸರಕಿಗೆ ಹಣ: ರೈತರಿಗೆ ಹೆಚ್ಚು ಸಂಬಂಧಪಟ್ಟದ್ದು ಇದೇ. ಬೀಜ, ಔಷಧಿ, ಗೊಬ್ಬರಗಳನ್ನು ಮನೆಬಾಗಿಲಿಗೆ ತಲುಪಿಸುವ ಬೆಂಗಳೂರಿನ ಬಿಗ್‌ಹಾಟ್‌ನಂತಹ ಕಂಪನಿಗಳ ತಂತ್ರಾಂಶ ಪುಕ್ಕಟೆ. ಆದಾಯವು ಸರಕಿನ ಮಾರಾಟದಿಂದ ಬರುತ್ತದೆ. ದೂರದ ಹಳ್ಳಿಯವರಿಗೆ ಇದರಿಂದ ಅನುಕೂಲವಿದೆ. ಆದರೆ ಸಲಹೆ ಕೊಡುವವನೂ ಸರಕು ಮಾರುವವನೂ ಒಬ್ಬನೇ ಆದಾಗ 'ಸಿಂಪರಣೆ ಬೇಡ' ಎಂಬ ಸಲಹೆಯಿಂದ ಅವನಿಗೆ ವರಮಾನವಿಲ್ಲ ಎಂಬುದನ್ನು ನೆನಪಿಡಬೇಕು. ಎಲೆ ಹಳದಿಯಾಗಲು ಸಾರಜನಕದ ಕೊರತೆ, ಕಬ್ಬಿಣದ ಕೊರತೆ, ಬೇರಿನಲ್ಲಿ ನೀರು ನಿಲ್ಲುವುದು, ನಂಜುರೋಗ ಹೀಗೆ ಹಲವು ಕಾರಣಗಳುಂಟು. ಎಲೆಯ ಒಂದು ಚಿತ್ರದಿಂದ ಇವನ್ನೆಲ್ಲ ಬೇರ್ಪಡಿಸಿ ಹೇಳುವುದು ಕಷ್ಟ. ನೀರು ಬಸಿಯುವಂತೆ ಕಾಲುವೆ ತೆಗೆದರೆ ಸರಿಹೋಗುವ ಬೆಳೆಗೆ ಔಷಧಿ ಸಿಂಪಡಿಸಿದರೆ ಹಣವೂ ಹೋಗುತ್ತದೆ, ಬೆಳೆಯೂ ಚೇತರಿಸದು.

ಲಾಭದ ಉದ್ದೇಶವಿಲ್ಲದವು

ಕೆಲವು ತಂತ್ರಾಂಶಗಳ ಖರ್ಚನ್ನು ನಾವು ತೆರಿಗೆಯ ರೂಪದಲ್ಲಿ ಕೊಟ್ಟಿರುತ್ತೇವೆ. ಕನ್ನಡ ಗಣಕ ಪರಿಷತ್ತು ರೂಪಿಸಿ, ರಾಜ್ಯ ಸರ್ಕಾರವು ಉಚಿತವಾಗಿ ಹಂಚಿದ 'ನುಡಿ', ಹವಾಮಾನ ಇಲಾಖೆಯು 2019ರಲ್ಲಿ ಹೊರತಂದ 'ಮೇಘದೂತ್', ನಿಂತ ಜಾಗದ ಸರ್ವೆ ನಂಬರು ತೋರಿಸುವ 'ದಿಶಾಂಕ್' ಈ ಗುಂಪಿನವು. ಇನ್ನು ಲಿನಕ್ಸ್‌ನಂತಹವು ಊರಬಾವಿ ಇದ್ದಂತೆ: ಎಲ್ಲರೂ ಸೇದಬಹುದು, ಆದರೆ ಯಾರಾದರೂ ಹೂಳೆತ್ತುತ್ತಿರಬೇಕು. ಕಂಪನಿಗಳೂ ತಮ್ಮ ಕೆಲಸಕ್ಕೆ ಇದೇ ನೀರು ಬೇಕಾದುದರಿಂದ ಹಣ ನೀಡುತ್ತವೆ. ಮೇಲೆ ಹೇಳಿದ ಜೆರೋದಾ ಸಂಸ್ಥೆಯು ಇಂತಹ ಮುಕ್ತ ತಂತ್ರಾಂಶಗಳಿಗೆ ವರ್ಷಕ್ಕೆ 10 ಲಕ್ಷ ಡಾಲರು ಕೊಡುವುದಾಗಿ 2024ರಲ್ಲಿ ಪ್ರಕಟಿಸಿತು.

ರೈತರು ಗಮನಿಸಬೇಕಾದ ಅಂಶಗಳು

1. ಯಾವುದೇ ಪುಕ್ಕಟೆ ತಂತ್ರಾಂಶವನ್ನು ಹಾಕಿಕೊಳ್ಳುವ ಮುನ್ನ 'ಇದರ ಖರ್ಚನ್ನು ಕೊಡುವವರು ಯಾರು?' ಎಂದು ವಿಚಾರಿಸಬೇಕು.

2. ತಂತ್ರಾಂಶವು ಸೂಚಿಸಿದ ಔಷಧಿಯನ್ನು ಕೂಡಲೇ ಕೊಳ್ಳದೆ, ರೋಗ ತಗಲಿದ ಗಿಡದ ಭಾಗದೊಡನೆ ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಖಚಿತಪಡಿಸಿಕೊಳ್ಳಬೇಕು. ಹೋಗಲಾಗದವರು ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಖರ್ಚಿಲ್ಲದೆ ಕರೆಮಾಡಬಹುದು.

3. ಕೆಲಸಕ್ಕೆ ಸಂಬಂಧವಿಲ್ಲದ ಅನುಮತಿಗಳನ್ನು ಕೊಡಬಾರದು. ಮಾರುಕಟ್ಟೆ ಧಾರಣೆ ತಿಳಿಸಲು ನಿಮ್ಮ ಪರಿಚಿತರ ದೂರವಾಣಿ ಸಂಖ್ಯೆಗಳ ಅಗತ್ಯವಿಲ್ಲ. ಒಟಿಪಿ ಸಂಖ್ಯೆಯನ್ನು ಯಾರಿಗೂ ಹೇಳಬಾರದು.

4. ಜಮಾಖರ್ಚಿನ ಲೆಕ್ಕ, ಬೆಳೆಯ ದಾಖಲೆಗಳನ್ನು ಫೋನಿನಲ್ಲಿಟ್ಟವರು ಪುಸ್ತಕದಲ್ಲಿಯೂ ಬರೆದಿಡಬೇಕು. ಉಚಿತ ಸೇವೆಯು ನಿಂತರೆ ಅಥವಾ ಅದಕ್ಕೆ ಬೆಲೆ ಬಂದರೆ ಆಗ ತೊಂದರೆಯಾಗದು.

5. ವಿಸ್ತರಣಾ ಕಾರ್ಯಕರ್ತರು ಗುಂಪು ಸಭೆಗಳಲ್ಲಿ ಹೊಸ ತಂತ್ರಾಂಶವನ್ನು ಪರಿಚಯಿಸುವಾಗ ಅದರ ಉಪಯೋಗದ ಜೊತೆಗೆ ಆದಾಯದ ಮೂಲವನ್ನೂ ತಿಳಿಸುವುದು ಅಗತ್ಯ.

ಪುಕ್ಕಟೆ ಎಂಬ ಕಾರಣಕ್ಕೆ ಯಾವ ತಂತ್ರಾಂಶವನ್ನೂ ಸಂಶಯಪಟ್ಟು ದೂರವಿಡಬೇಕಾಗಿಲ್ಲ. ಪುಕ್ಕಟೆ ಎಂಬ ಕಾರಣಕ್ಕೇ ನಂಬಬೇಕಾಗಿಯೂ ಇಲ್ಲ. ಅಂಗಡಿಯವನು ಕೊಟ್ಟ ಬೀಜದ ಚೀಲದ ಚೀಟಿಯನ್ನು ಓದಿ ನೋಡುವ ರೈತನು, ಫೋನಿನಲ್ಲಿ ಬಂದ ಸಲಹೆಯನ್ನೂ ಅದೇ ಎಚ್ಚರದಿಂದ ಓದಿ ನೋಡಿದರೆ ಹೊಸ ವಿದ್ಯೆಯ ಪ್ರಯೋಜನವನ್ನು ಪೂರ್ಣವಾಗಿ ಪಡೆಯಬಹುದು.