ಯಾವ ಬದಿಯ ಕಿಟಕಿ?

ವಿಮಾನದಲ್ಲಿ ಕಿಟಕಿಯ ಆಸನ ದೊರೆತರಷ್ಟೇ ಸಾಲದು. ಯಾವ ಬದಿಯ ಕಿಟಕಿ ಎಂಬುದನ್ನೂ ಅರಿತು ಕೇಳಬೇಕು. ನಮ್ಮ ಸೀಮೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಕಲಬುರಗಿಯ ವಿಮಾನ ನಿಲ್ದಾಣ ಆರಂಭವಾದದ್ದು 2019ರ ನವೆಂಬರ್ 22ರಂದು. ಬೆಂಗಳೂರಿನಿಂದ ಅಲ್ಲಿಗೆ ನೇರವಾಗಿ ಗೆರೆಯೆಳೆದರೆ ಅದು ಉತ್ತರಾಭಿಮುಖವಾಗಿ ಸಾಗುತ್ತದೆ. ಸುರಪುರ, ಶಹಾಪುರಗಳು ಎಡಕ್ಕೆ, ಎಂದರೆ ಪಶ್ಚಿಮಕ್ಕೆ ಉಳಿಯುತ್ತವೆ. ಮುಂಜಾನೆ ಸೂರ್ಯನು ಬಲಗಡೆ ಇರುವುದರಿಂದ ಎಡಗಿಟಕಿಗೆ ಕಣ್ಣು ಕುಕ್ಕುವ ಬಿಸಿಲಿಲ್ಲ. ಓರೆಬೆಳಕಿನಲ್ಲಿ ಗುಡ್ಡಗಳ ಏರಿಳಿತ ಎದ್ದು ಕಾಣುತ್ತದೆ. ಸಂಜೆಯಾದರೆ ಅದೇ ಕಿಟಕಿ ಬಿಸಿಲಿಗೆ ಎದುರಾಗುತ್ತದೆ. ರೆಕ್ಕೆ ಕಿಟಕಿಗಿಂತ ಕೆಳಗಿರುವ ವಿಮಾನವಾದರೆ ಅದಕ್ಕಿಂತ ಮುಂದಿನ ಸಾಲೇ ಲೇಸು. ಹಿಂದೆ ಕುಳಿತರೆ ಎಂಜಿನ್ನಿನ ಬಿಸಿಗಾಳಿ ನೋಟವನ್ನು ಕದಡುತ್ತದೆ.

ಇಷ್ಟು ಲೆಕ್ಕಾಚಾರ ಏತಕ್ಕೆಂದರೆ, ನೆಲದ ಮೇಲೆ ನಿಂತವರಿಗೆ ಕಾಣದ್ದು ಮೇಲಿನಿಂದ ಕಾಣುತ್ತದೆ. ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆಯ ನೀರು ಹರಿದಲ್ಲಿ ಭತ್ತದ ಹಸಿರು, ಹರಿಯದಲ್ಲಿ ಮಳೆಯನ್ನೇ ನಂಬಿದ ಜೋಳ, ತೊಗರಿಯ ಹೊಲ. ಕಾಲುವೆಯ ಕೊನೆಯಂಚಿನ ರೈತನಿಗೆ ನೀರು ಮುಟ್ಟಿತೆ ಎಂಬ ಪ್ರಶ್ನೆಗೆ, ಮೋಡವಿಲ್ಲದ ದಿನ, ಆ ಹಸಿರು ಎಲ್ಲಿ ನಿಲ್ಲುತ್ತದೆಂಬುದೇ ಉತ್ತರ. ಆ ಗೆರೆಯನ್ನು ಗುರುತಿಸಿದವರಿಗೆ ಕಿಟಕಿಯ ಆಸನ ಸಾರ್ಥಕ.