ಒಂದೇ ತಂತಿಯ ಚೌಡಿಕೆ, ತಲೆಯ ಮೇಲಿನ ಕೊಡ

ಭರತ ಹುಣ್ಣಿಮೆ ಬಂತೆಂದರೆ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಹಾದಿಯುದ್ದಕ್ಕೂ ಬಂಡಿ, ಟ್ರ್ಯಾಕ್ಟರು, ಬಸ್ಸುಗಳ ಸಾಲು. ಪಡ್ಲಿಗೆ ಹಿಡಿದವರು, ಹಣೆತುಂಬ ಭಂಡಾರ ಬಳಿದುಕೊಂಡವರು ‘ಉಧೋ ಉಧೋ’ ಎನ್ನುತ್ತ ಬೆಟ್ಟ ಹತ್ತುತ್ತಾರೆ. ಆ ಗದ್ದಲದ ನಡುವೆಯೂ ಒಂದು ನಾದ ಬೇರೆಯಾಗಿ ಕೇಳಿಸುತ್ತದೆ. ಏರುತ್ತ, ಇಳಿಯುತ್ತ, ಒಮ್ಮೆ ನಕ್ಕಂತೆ, ಮತ್ತೊಮ್ಮೆ ಬಿಕ್ಕಿದಂತೆ. ಅದು ಚೌಡಿಕೆ, ಎಲ್ಲಮ್ಮನ ಪದ ಹಾಡುವ ಜೋಗತಿಯರ ವಾದ್ಯ.

ನೋಡಲು ಏನೂ ಅಲ್ಲ. ಕೊಳವೆಯಂಥ ಒಂದು ಮರದ ತುಂಡು, ಒಂದು ಬದಿಗೆ ಬಿಗಿದ ಚರ್ಮ, ಚರ್ಮದ ನಡುವಿನಿಂದ ಹೊರಟ ಒಂದೇ ತಂತಿ. ವಾದ್ಯವನ್ನು ಕಂಕುಳಲ್ಲಿ ಅವುಚಿ, ಒಂದು ಕೈಯಲ್ಲಿ ತಂತಿಯ ತುದಿ ಎಳೆದು, ಇನ್ನೊಂದು ಕೈಯಿಂದ ಮೀಟುತ್ತಾರೆ. ಎಳೆತ ಹೆಚ್ಚಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಓದುವ ವಿದ್ಯಾರ್ಥಿಗಳು ಈ ನಿಯಮವನ್ನು ಬಲ್ಲರು: ತಂತಿಯ ಉದ್ದ ಬದಲಾಗದಿದ್ದರೆ ಅದರ ಕಂಪನದ ಆವೃತ್ತಿ ಕರ್ಷಣದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಅಂದರೆ ಸ್ವರ ಒಂದು ಸ್ಥಾಯಿ ಮೇಲೇರಬೇಕಾದರೆ ಎಳೆತ ನಾಲ್ಕು ಪಟ್ಟು ಆಗಬೇಕು. ಸೂತ್ರವನ್ನು ಎಂದೂ ಕಾಣದ ಜೋಗತಿಯ ಬೆರಳುಗಳು ಈ ಲೆಕ್ಕವನ್ನು ಹಾಡಿನ ನಡುವೆಯೇ, ತಪ್ಪಿಲ್ಲದೆ ಮಾಡುತ್ತವೆ! ಶಾಸ್ತ್ರೀಯ ಎಂಬ ಮುದ್ರೆ ಬಿದ್ದರೆ ಮಾತ್ರ ಸಂಗೀತ ಎನ್ನುವವರು ಒಮ್ಮೆ ಹತ್ತಿರ ಕುಳಿತು ಚೌಡಿಕೆ ಕೇಳಬೇಕು.

ಈ ನಾದವನ್ನು ಜಾತ್ರೆಯ ಬಯಲಿನಿಂದ ದೊಡ್ಡ ವೇದಿಕೆಗೆ ತಂದವರಲ್ಲಿ ಮುಖ್ಯರು ಮಂಜಮ್ಮ ಜೋಗತಿ. ಹುಟ್ಟಿದ್ದು ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ, ಶೆಟ್ಟರ ಮನೆಯ ಮಗನಾಗಿ. ಹೆಸರು ಮಂಜುನಾಥ. ಹೈಸ್ಕೂಲಿನ ವಯಸ್ಸಿಗೇ ತನ್ನೊಳಗಿರುವುದು ಹೆಣ್ಣು ಎಂಬುದು ಆ ಹುಡುಗನಿಗೆ ತಿಳಿಯಿತು. ಮನೆಯವರಿಗೂ ತಿಳಿಯಿತು, ಆದರೆ ಏನು ಮಾಡಬೇಕೆಂಬುದು ತಿಳಿಯಲಿಲ್ಲ. ತುಂಗಭದ್ರೆಯ ದಡದ ಹುಲಿಗೆಮ್ಮನ ಗುಡಿಯಲ್ಲಿ ಮುತ್ತು ಕಟ್ಟಿಸಿದರು. ಉಡುದಾರ ಹೋಯಿತು, ಸೀರೆ ಕುಪ್ಪಸ ಬಂದವು. ಹಳೆಯ ಸಮಾಜ ಇಂಥವರಿಗೆ ಇಟ್ಟಿದ್ದ ಜಾಗ ಇದೊಂದೇ. ದೇವಿಯ ಹೆಸರಿನಲ್ಲಿ ಕೈಮುಗಿಯುತ್ತಿದ್ದ ಜನರೇ ಪಕ್ಕದಲ್ಲಿ ಕೂರಿಸಿಕೊಳ್ಳಲು ಹಿಂಜರಿಯುತ್ತಿದ್ದರು.

ಮುಂದಿನ ದಿನಗಳು ಕಠಿಣ. ಬದುಕೇ ಬೇಡವೆನಿಸಿದ್ದುಂಟು, ಮನೆ ಬಿಟ್ಟು ಭಿಕ್ಷೆ ಬೇಡಿದ್ದುಂಟು. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಒಂದು ದಿನ ತಂದೆ ಹಾಡುತ್ತಿದ್ದ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಮಂಜಮ್ಮ ನಿಂತು ನೋಡಿದರು. ಅಲ್ಲಿಂದಲೇ ಕಲಿಕೆ ಆರಂಭವಾಯಿತು. ಬಳಿಕ ಹಗರಿಬೊಮ್ಮನಹಳ್ಳಿ ಕಡೆಯ ಹಿರಿಯ ಕಲಾವಿದೆ ಕಾಳವ್ವ ಜೋಗತಿಯವರ ಮೇಳ ಸೇರಿ ಪದ, ಕುಣಿತ, ಕಥೆ ಎಲ್ಲವನ್ನೂ ಪಳಗಿಸಿಕೊಂಡರು. ಗುರು ತೀರಿಕೊಂಡ ಮೇಲೆ ಮೇಳದ ಹೊಣೆ ಶಿಷ್ಯೆಯ ಹೆಗಲಿಗೆ ಬಂತು. ರಂಗಕಲೆಗೆ ಹೆಸರಾದ ಮರಿಯಮ್ಮನಹಳ್ಳಿ ಅವರ ಊರಾಯಿತು.

ತಲೆಯ ಮೇಲಿನ ಕೊಡವೇನೂ ಸರ್ಕಸ್ಸಲ್ಲ. ರೇಣುಕೆ ದಿನವೂ ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬಿ ಮಾಡಿಕೊಂಡು ಜಮದಗ್ನಿಯ ಪೂಜೆಗೆ ನೀರು ತರುತ್ತಿದ್ದಳು ಎಂಬ ಕಥೆಯೇ ಅದರಲ್ಲಿದೆ. ಮನಸ್ಸು ಒಂದು ಕ್ಷಣ ಚದುರಿತು, ಮರಳಿನ ಕೊಡ ಕರಗಿತು. ಕೊಡ ಬೀಳಬಾರದು ಎಂಬ ಆತಂಕವೇ ಈ ಕುಣಿತದ ಜೀವಾಳ. ವಿಜ್ಞಾನದ ಪ್ರಕಾರ ಕೊಡದ ಗುರುತ್ವ ಕೇಂದ್ರದಿಂದ ಇಳಿಬಿಟ್ಟ ರೇಖೆ ಸಿಂಬಿಯ ಒಳಗೇ ಬೀಳಬೇಕು. ಕುಣಿಯುವವರು ಬಾಗಿದಾಗ, ತಿರುಗಿದಾಗ, ಕುತ್ತಿಗೆಯ ಸ್ನಾಯುಗಳು ಕ್ಷಣಕ್ಷಣಕ್ಕೂ ಅದನ್ನು ಸರಿಪಡಿಸುತ್ತಿರುತ್ತವೆ.

ದೇವರಿಗೂ ನಾದಕ್ಕೂ ಇಂಥ ನಂಟು ಬೇರೆ ಕಡೆಯೂ ಉಂಟು. ದಕ್ಷಿಣ ಆಫ್ರಿಕದ ಝುಲು ಜನರಲ್ಲಿ ‘ಉಗುಭು’ ಎಂಬ ವಾದ್ಯವಿದೆ. ಬಿಲ್ಲಿಗೆ ಒಂದೇ ತಂತಿ, ಜೊತೆಗೆ ಸೋರೆ ಬುರುಡೆ. ಬುರುಡೆಯ ಬಾಯನ್ನು ಎದೆಗೆ ಒತ್ತಿ, ಸರಿಸಿ ನಾದದ ಬಣ್ಣ ಬದಲಿಸುತ್ತಾರೆ. ಚೌಡಿಕೆಯ ದೂರದ ಅಕ್ಕ ಎನ್ನಬಹುದು. ಅದೇ ನಾಡಿನಲ್ಲಿ 1982ರಲ್ಲಿ ಹುಟ್ಟಿದ ನ್ದುದುಝೋ ಮಖಾಥಿನಿ ಜಾಝ್ ಪಿಯಾನೊ ವಾದಕರು, ಜೊತೆಗೆ ಝುಲು ಸಂಪ್ರದಾಯದ ವೈದ್ಯರೂ ಹೌದು. ಪೂರ್ವಿಕರೊಡನೆ ಮಾತನಾಡುವ ದಾರಿ ಸಂಗೀತವೆಂಬುದು ಅವರ ನಂಬಿಕೆ. ಅಮೆರಿಕದ ಪ್ರಸಿದ್ಧ ಬ್ಲೂ ನೋಟ್ ಸಂಸ್ಥೆ 2020ರಲ್ಲಿ ಅವರ ಸಂಗೀತವನ್ನು ಹೊರತಂದಿತು. 88 ಕೀಲಿಗಳ, 200ಕ್ಕೂ ಹೆಚ್ಚು ತಂತಿಗಳ ಪಿಯಾನೊ ಎಲ್ಲಿ, ಒಂದೇ ತಂತಿಯ ಚೌಡಿಕೆ ಎಲ್ಲಿ! ಆದರೂ ಇಬ್ಬರೂ ಹೊತ್ತು ತಂದದ್ದು ಮನೆಯ ದೇವರು-ದಿಂಡರ ನಾದವನ್ನೇ.

ಒಂದು ಮಾತನ್ನು ಮುಚ್ಚಿಡಬಾರದು. ಕೂಡ್ಲಿಗಿ, ಕೊಟ್ಟೂರು, ಹಡಗಲಿಯಿಂದ ಹರಪನಹಳ್ಳಿಯವರೆಗೆ ಈ ಸೀಮೆಯಲ್ಲಿ ಎಲ್ಲಮ್ಮನ ಹೆಸರಿನಲ್ಲೇ ಬಡವರ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಟ್ಟದ್ದೂ ಉಂಟು. ಕರ್ನಾಟಕ ಅದನ್ನು 1982ರ ಕಾಯ್ದೆಯಲ್ಲಿ ಅಪರಾಧವೆಂದು ಸಾರಿತು. ಆ ಪದ್ಧತಿ ತೊಲಗಬೇಕು, ಪದಗಳು ಉಳಿಯಬೇಕು. ಇವೆರಡನ್ನೂ ಬಿಡಿಸುವುದು ಸುಲಭವಲ್ಲ. ಮುತ್ತು ಕಟ್ಟಿಸಿಕೊಳ್ಳದೆಯೂ ಜೋಗತಿ ಕುಣಿತವನ್ನು ಕಲೆಯಾಗಿ ಕಲಿಯಬಹುದು, ವೇದಿಕೆಯ ಮೇಲೆ ಆಡಬಹುದು.

2010ರಲ್ಲಿ ಮಂಜಮ್ಮನವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಕುರ್ಚಿಯಲ್ಲಿ ಕುಳಿತ ಮೊದಲ ಲಿಂಗತ್ವ ಅಲ್ಪಸಂಖ್ಯಾತೆ ಅವರೇ. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಅವರ ಆತ್ಮಕಥೆ ‘ನಡುವೆ ಸುಳಿವ ಹೆಣ್ಣು’. ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ ಮಕ್ಕಳಿಗಿಂತ ಮೊದಲು ತಂದೆತಾಯಿ ಓದಬೇಕಾದ ಪುಸ್ತಕ ಅದು.

2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪ್ರದಾನ. ಹೆಸರು ಕರೆದಾಗ ಮಂಜಮ್ಮ ನಡೆದು ಬಂದರು. ಎದುರು ನಿಂತಿದ್ದ ರಾಷ್ಟ್ರಪತಿ ರಾಮನಾಥ ಕೋವಿಂದರಿಗೆ ಸೀರೆಯ ಸೆರಗು ಹಿಡಿದು, ನಮ್ಮ ಹಳ್ಳಿಗಳಲ್ಲಿ ಕೂಸಿಗೆ ತೆಗೆಯುವಂತೆಯೇ, ದೃಷ್ಟಿ ತೆಗೆದರು. ಆಮೇಲೆ ಪ್ರಶಸ್ತಿ ಪಡೆದರು.